ಶುಕ್ರವಾರದ ಟೇಪು

ಕಾಟನ್‌ಪೇಟೆಯಲ್ಲಿ ನಮ್ಮ ಸೊಸೈಟಿ, ಎರಡನೇ ಮಹಡಿ.
ಕೆಳಗೆ ಊದುಬತ್ತಿ ಗೋದಾಮು.
ಹಾಗಾಗಿ ಸಾಲದ ಲೆಡ್ಜರುಗಳಿಗೆಲ್ಲ
ಸ್ವಲ್ಪ ದೇವರಮನೆಯ ವಾಸನೆ.

ಐದು ಟೇಪು. ಬೆನ್ನ ಮೇಲೆ ನನ್ನದೇ ಅಕ್ಷರ:
ಸೋಮ, ಮಂಗಳ, ಬುಧ, ಗುರು, ಶುಕ್ರ.
ಶನಿವಾರ ಅರ್ಧ ದಿನ; ಅದಕ್ಕೆ ಟೇಪು ಮಂಜೂರಾಗಿರಲಿಲ್ಲ.
ಸಂಜೆ ಶಟರು ಅರ್ಧ ಇಳಿದ ಮೇಲೆ
ಆ ದಿನದ್ದನ್ನು ಡ್ರೈವಿನ ಬಾಯಿಗಿಟ್ಟರೆ
ತಾನೇ ಎಳೆದುಕೊಳ್ಳುತ್ತಿತ್ತು.
ಆಮೇಲೆ ಒಂದು ಗಂಟೆ
ಓಡುವುದು, ನಿಲ್ಲುವುದು, ಹಿಂದೆ ಸರಿಯುವುದು, ಮತ್ತೆ ಓಡುವುದು.
ಕಂಪ್ಯೂಟರು ನಿಧಾನ, ಟೇಪಿಗೆ ಅವಸರ.
ಪಂಕ್ತಿಯಲ್ಲಿ ಅನ್ನ ಮುಗಿದು
ಸಾರು ಮಾತ್ರ ಬರುತ್ತಲೇ ಇದ್ದ ಹಾಗೆ
ಇಬ್ಬರಿಗೂ ಹೊಂದಿಕೆಯಿಲ್ಲ.

ಶುಕ್ರವಾರದ್ದು ನನ್ನ ಜೊತೆ ಮನೆಗೆ.
ಬೆಂಕಿ ಗಿಂಕಿ ಬಿದ್ದರೆ ಹೊರಗೊಂದು ಪ್ರತಿ ಇರಲಿ
ಎಂದು ಆಡಿಟರು ಬರೆದಿದ್ದರು.
ಹೊರಗೆ ಅಂದರೆ ಎಲ್ಲಿ, ಬರೆದಿರಲಿಲ್ಲ.
ಊಟದ ಡಬ್ಬಿಯ ಪಕ್ಕ, ಮೊಸರು ತಾಗದ ಹಾಗೆ ಇಟ್ಟು,
ಶ್ರೀರಾಂಪುರದ ಬಸ್ಸಿನಲ್ಲಿ ಒಂದು ಕಂಬಿ ಹಿಡಿದು ನಿಂತು
ಎರಡು ಸಾವಿರದ ಮುನ್ನೂರು ಜನರ ಸಾಲವನ್ನು
ಕಂಕುಳಲ್ಲಿ ಒತ್ತಿಕೊಂಡು ಹೋಗುತ್ತಿದ್ದೆ.
ಅಕ್ಕಿ ಡ್ರಮ್ಮಿನ ಮೇಲಿನ ಗೂಡು ಅದರ ಜಾಗ.
ಆಯುಧಪೂಜೆಗೆ ಅತ್ತೆ ಅದಕ್ಕೂ ಕುಂಕುಮ ಇಟ್ಟರು,
ಲೇಬಲ್ಲಿನ ಮೇಲೆ, ಪುಣ್ಯಕ್ಕೆ.

ಆರು ವರ್ಷ ಬರೆದೆವು.
ಒಂದು ದಿನವೂ ಓದಿ ನೋಡಲಿಲ್ಲ.

ಹಳೆಯದು ಕರಕರ ಅನ್ನತೊಡಗಿ
ಸೆಕ್ರೆಟರಿ ಹೊಸದಕ್ಕೆ ಸಹಿ ಹಾಕಿದರು.
ಹಳೆಯದನ್ನು ಕೊಟ್ಟು ಮುನ್ನೂರು ರೂಪಾಯಿ ಇಳಿಸಿಕೊಂಡರು.
ಕೇಬಲ್ಲಿನ ತುದಿಗೊಂದು ಬಿರಡೆ ಹಾಕಬೇಕಂತೆ;
ಇಲ್ಲವಾದರೆ ಹೋದ ಮಾತು ಗೋಡೆಗೆ ಬಡಿದು
ತನ್ನನ್ನೇ ಹುಡುಕಿಕೊಂಡು ವಾಪಸ್ಸು ಬರುತ್ತದಂತೆ.
ಹಾಕಿದೆವು. ಹಸಿರು ದೀಪ ಹತ್ತಿತು. ಲಾಡು ಹಂಚಿದೆವು.

ಮರು ಸೋಮವಾರ ಬೆಳಿಗ್ಗೆ ಡಿಸ್ಕು ಕೆಟ್ಟಿತು.
ಐದೂ ಟೇಪಿಗೆ ಹೊಸ ಡ್ರೈವು ಹೇಳಿದ್ದು ಒಂದೇ:
ಖಾಲಿ.

ಎಸ್.ಪಿ. ರೋಡಿನಿಂದ ಇಲ್ಯಾಸ್ ಬಂದ.
ತೊಳೆಯುವ ಟೇಪು ಹಾಕಿ ತೆಗೆದ: ಶುಭ್ರ.
ಬಿರಡೆ ಕಿತ್ತು ಮತ್ತೆ ಹಾಕಿದ. ನಂಬರು ಬದಲಿಸಿದ.
ಟೀ ಕುಡಿದು, ಲೋಟ ಕೆಳಗಿಡದೆ ಹೇಳಿದ:
"ಅಕ್ಕಾ, ನಿಮ್ಮ ಹಳೇದು ಓರೆ ತಲೆ.
ಓರೆಯಾಗಿ ಬರೆದು, ಓರೆಯಾಗೇ ಓದ್ಕೊಂಡು
ನೆಮ್ಮದಿಯಾಗಿತ್ತು. ಅದರ ಲೆಕ್ಕಕ್ಕೆ ಅದು ನೇರ.
ಇದಕ್ಕೆ ಓದೋಕೆ ಬರಲ್ಲ."

ನಮ್ಮ ಕ್ಯಾಷಿಯರು ಗುರುಪಾದಪ್ಪನವರ ಕೈಬರಹ ನೆನಪಾಯಿತು.
ರಿಟೈರಾದ ಮೇಲೂ ವೋಚರು ಹಿಡಿದು
ಅವರ ಮನೆ ಬಾಗಿಲಿಗೇ ಹೋಗಬೇಕಾಗುತ್ತಿತ್ತು.

ಹಳೆಯದನ್ನು ಹುಡುಕಿಕೊಂಡು ಹೋದೆವು.
ಗುಜರಿಯವನು ಬೋರ್ಡು ಸುಟ್ಟು ಚಿನ್ನ ತೆಗೆದಾಗಿತ್ತು.

ಇನ್ನೇನು, ಹೊಸದರ ತಲೆಯನ್ನೇ ಓರೆ ಮಾಡಬೇಕು.
ವಾರಂಟಿ ಚೀಟಿ ಹರಿದ ಸದ್ದಿಗೆ ಸೆಕ್ರೆಟರಿ ಎದ್ದು ಹೊರಗೆ ಹೋದರು.
ಅಕ್ಕಸಾಲಿಗರ ಸ್ಕ್ರೂಡ್ರೈವರು. ಇಲ್ಯಾಸನ ಬಾಯಲ್ಲಿ ಟಾರ್ಚು.
ಅವನು ಒಂದು ಕೂದಲು ತಿರುಗಿಸುವುದು,
ನಾನು ಪರದೆ ನೋಡಿ "ಇಲ್ಲ" ಅನ್ನುವುದು.
ಅರ್ಧ ಕೂದಲು. ಇಲ್ಲ.
ಕೆಳಗೆ ಗೋದಾಮಿನವರು ಬಾಗಿಲು ಹಾಕಿದರು.
ನಾಯಿಗಳು ಬೊಗಳಿ, ಸುಮ್ಮನಾಗಿ, ಮತ್ತೆ ಬೊಗಳಿದವು.
ಇಲ್ಲ.
ಸ್ವಲ್ಪ ವಾಪಸ್ಸು.
ಇಲ್ಲ. ತಾಳು.
ತಾಳು, ಮುಟ್ಟಬೇಡ.

ಸದಸ್ಯ ಸಂಖ್ಯೆ ನಾನೂರ ಹನ್ನೆರಡು, ರತ್ನಾಬಾಯಿ.
ಹೊಲಿಗೆ ಯಂತ್ರದ ಸಾಲ.
ಬಾಕಿ ಸಾವಿರದ ನೂರ ನಲವತ್ತು.

ಬೆಳಗಿನ ತನಕ ಎಲ್ಲರೂ ಬಂದರು, ಶನಿವಾರದವರ ಹೊರತು.
ಅವರನ್ನು ವೋಚರು ನೋಡಿ ಕೈಯಲ್ಲೇ ಕೂರಿಸಿದೆ.
ತಲೆಯನ್ನು ಮತ್ತೆ ನೇರ ಮಾಡಿ
ಇಲ್ಯಾಸ್ ಆರುನೂರು ಕೇಳಿದ; ಐನೂರಕ್ಕೆ ಒಪ್ಪಿದ.
ರತ್ನಾಬಾಯಿ ಹನ್ನೊಂದಕ್ಕೆ ಬಂದು ಕಂತು ಕಟ್ಟಿ,
ರಸೀದಿಯಲ್ಲಿ ಇನಿಷಿಯಲ್ ತಪ್ಪಿದೆ ಎಂದು ಬೈದು ಹೋದಳು.

ಈಗಲೂ ಶುಕ್ರವಾರ ಟೇಪು ಕೈಗೆ ಬಂದರೆ
ನೇರ ಚೀಲಕ್ಕೆ ಹಾಕುವುದಿಲ್ಲ.
ಮತ್ತೆ ಒಳಗಿಟ್ಟು ಯಾರಾದರೂ ಒಬ್ಬರ ಹೆಸರು ಕೇಳುತ್ತೇನೆ.
ಎಷ್ಟೋ ಸಲ ಏಳರ ಬಸ್ಸು ತಪ್ಪುತ್ತದೆ.
ಹೆಸರು ಬಂದ ಮೇಲೇ ಶಟರು.