ನಲವತ್ತೊಂದನೆಯ ಕಲ್ಲು

ಜನವರಿಯಲ್ಲಿ ಕೊಳಾಯಿ ಹೆಪ್ಪುಗಟ್ಟಿ ಒಡೆದು
ಅಡುಗೆಮನೆಯ ಲಿನೋಲಿಯಂ ಹಪ್ಪಳದ ಹಾಗೆ ಎದ್ದಿತು.
ಮಾರ್ಚಿನಲ್ಲಿ ಕಿತ್ತು ಹಾಕಿದೆ. ಅದರ ಕೆಳಗೆ ಹಲಗೆ,
ಹಲಗೆಯ ಕೆಳಗೆ ಯಾವ ಕಾಲದ್ದೋ ಪತ್ರಿಕೆ:
ಸಾಬೂನಿನ ಬೆಲೆ,
ತಪ್ಪಿಸಿಕೊಂಡ ಹಸುವೊಂದರ ಜಾಹೀರಾತು.

ನಾನು ಪಿಯಾನೋ ಶ್ರುತಿ ಮಾಡುವವಳು.
ಪೌಲ್ಟ್ನಿಯ ಸುತ್ತ ನಾಲ್ಕು ಚರ್ಚು, ಎರಡು ಶಾಲೆ,
ಹನ್ನೊಂದು ಮನೆಗಳ ಪಡಸಾಲೆ.
ನನ್ನ ಮನೆಯಲ್ಲಿ ಪಿಯಾನೋ ಇಲ್ಲ, ಜಾಗ ಸಾಲದು.
ತಂತಿಯ ಬಿಗಿ ಗೊತ್ತು. ಗಾರೆಯ ಹದ
ಗೊತ್ತಿರಲಿಲ್ಲ.

ಐಡ್ವಾಲ್‌ನ ಕಲ್ಲಂಗಳದಲ್ಲಿ ಸ್ಲೇಟುಗಳು ಸಾಲಾಗಿ ಒರಗಿದ್ದವು,
ಹಸಿರು, ನೇರಳೆ,
ಎರಡೂ ಬೆರೆತು ನಾಲ್ಕು ದಿನದ ಪೆಟ್ಟಿನ ಬಣ್ಣದ್ದು.
“ಇದು ಬಣ್ಣ ಬಿಡದ ಹಸಿರು. ಇದು ಬಿಡುತ್ತೆ,
ಬಿಸಿಲಲ್ಲಾದರೆ ಬೇಗ, ಒಳಗಾದರೆ ನಿಧಾನ. ಅರ್ಧ ಬೆಲೆ.”
ಬಿಡುವುದೇ ಇರಲಿ ಅಂದೆ.
ನನ್ನ ಕೂದಲು ನೋಡಿ ನಕ್ಕ.
“ತಟ್ಟಿ ನೋಡಿ ತಗೋ.”

ಬೆರಳ ಗೆಣ್ಣಿನಿಂದ ತಟ್ಟಿದೆ.
ಒಳ್ಳೆಯದು ಟಣ್ಣೆನ್ನುತ್ತದೆ,
ಒಳಬಿರುಕಿನದು ನೆಗಡಿಯಾದವರಂತೆ ಮಾತಾಡುತ್ತದೆ.
ಇಷ್ಟನ್ನು ಯಾರೂ ನನಗೆ ಹೇಳಿಕೊಡಬೇಕಿಲ್ಲ.
ಕತ್ತಲಾಗುವವರೆಗೆ ಆರಿಸಿದೆ,
ಕಲ್ಲಿನ ಅಂಗಡಿಯಲ್ಲಿ
ಕಲ್ಲಂಗಡಿ ತಟ್ಟುವವಳ ಹಾಗೆ.

ಒಂದರಷ್ಟು ದಪ್ಪ ಇನ್ನೊಂದಿಲ್ಲ.
ಬೆಟ್ಟ ತನಗೆ ಬೇಕಾದಲ್ಲಿ ಸೀಳಿಕೊಂಡಿದೆ.
ದಪ್ಪ, ನಡುವಣದು, ತೆಳು, ಮೂರು ರಾಶಿ ಮಾಡಿ
ಬೆನ್ನ ಮೇಲೆ ಬಳಪದಲ್ಲಿ ಅಂಕಿ ಬರೆದೆ,
ಒಂದರಿಂದ ಎಂಬತ್ತಾರು.
ಸ್ಲೇಟಿನ ಮೇಲೆ ಬರೆದು ಒರೆಸದೇ ಬಿಟ್ಟದ್ದು
ಬದುಕಿನಲ್ಲಿ ಅದೇ ಮೊದಲು.
ಬರೆದ ಮಗ್ಗುಲೇ ಗಾರೆಗೆ.

ನೀಲಿ ಪುಡಿ ಮೆತ್ತಿದ ದಾರವನ್ನು
ಗೋಡೆಯಿಂದ ಗೋಡೆಗೆ ಬಿಗಿದು, ಎಳೆದು, ಬಿಟ್ಟೆ.
ಅದಕ್ಕೂ ಒಂದು ಸ್ವರವಿತ್ತು.
ಇಪ್ಪತ್ತೆರಡು ವರ್ಷ ಬಾಳಿದ ಕೋಣೆ
ಮೂಲೆಮಟ್ಟಕ್ಕಿಲ್ಲವೆಂದು ಆಗ ತಿಳಿಯಿತು,
ಒಲೆಯ ಕಡೆ ಎರಡು ಬೆರಳು ಜಾಸ್ತಿ.

ಹಲ್ಲಿನ ಕರಣೆಯಿಂದ ಗಾರೆ ಗೀರಿ,
ಕಲ್ಲಿನ ಬೆನ್ನಿಗೂ ಬೆಣ್ಣೆ ಸವರಿದಂತೆ ಸವರಿ,
ಇಟ್ಟು, ಅಲುಗಿಸಿ, ಒತ್ತಿ,
ರಸಮಟ್ಟದ ಗುಳ್ಳೆ ನಡುವಿಗೆ ಬರುವ ತನಕ ಉಸಿರು ಹಿಡಿದು.
ಹನ್ನೆರಡನೆಯದು ಮುಳುಗಿತು. ಎಬ್ಬಿಸಿದೆ.
ಮತ್ತೆ ಮುಳುಗಿತು. ಬೈದೆ.
ಬಕೆಟ್ಟಿನ ಗಾರೆಗೆ ಕೆನೆ ಕಟ್ಟಿತು,
ಎಸೆದು ಮತ್ತೆ ಕಲಸಿದೆ.
ಮಂಡಿಗಳು ಬೇರೆ ಯಾರದೋ ಆದವು.

ಎರಡನೆಯ ದಿನ ಐಡ್ವಾಲ್ ಹೊಸ್ತಿಲಾಚೆ ನಿಂತು
ಬೂಟು ಬಿಚ್ಚಲೂ ಇಲ್ಲ, ಒಳಗೆ ಬರಲೂ ಇಲ್ಲ.
ಕೋಲು ಚಾಚಿ ಅಂಚಿನ ಕಲ್ಲನ್ನು ಕುಟ್ಟಿದ.
ದಪ್. ತಲೆದೂಗಿದ.
“ಅಂಗಳದಲ್ಲಿ ಹಾಡಿದ್ದು
ನೆಲದಲ್ಲಿ ಬಾಯಿ ಮುಚ್ಚಬೇಕು.”
ಹೊರಟುಹೋದ.

ಮೂರನೆಯ ಬೆಳಿಗ್ಗೆ ಕಾಲುಚೀಲದಲ್ಲಿ
ಒಂದೊಂದನ್ನೇ ಕುಟ್ಟುತ್ತ ಬಂದೆ.
ದಪ್, ದಪ್, ದಪ್,
ಇಷ್ಟು ಸಂತೋಷದ ಮೂಕತನವನ್ನು
ನನ್ನ ಕಿವಿ ಕೇಳಿರಲಿಲ್ಲ.
ಬಚ್ಚಲುತೊಟ್ಟಿಯ ಮುಂದೆ, ದಿನವೂ ನಾನು ನಿಲ್ಲುವಲ್ಲೇ,
ಟಣ್.

ಕೆನೆ ಕಟ್ಟಿದ ಗಾರೆಯ ಕೆಲಸ.
ಎಬ್ಬಿಸಹೊರಟರೆ ನಾಲ್ಕು ನೆಂಟರೂ ಬಿರಿಯುತ್ತಾರೆ.
ಉಳಿಯನ್ನು ಸಂದಿಗಿಟ್ಟು ಬಹಳ ಹೊತ್ತು ಕೂತಿದ್ದೆ,
ಮತ್ತೆ ಪೆಟ್ಟಿಗೆಯಲ್ಲಿಟ್ಟೆ.

ಸಂದಿ ತುಂಬಿ, ಎಣ್ಣೆ ಬಳಿದೆ. ನೆಲ ಒಮ್ಮೆಲೇ ಕಪ್ಪಾಗಿ
ಒಳಗಿನ ಹಸಿರು ಮೇಲೆ ಬಂತು.
ಈಗ ಪಾತ್ರೆ ತೊಳೆಯುವಾಗ ಹಿಮ್ಮಡಿ ಊರಿದರೆ
ಅದು ಅನ್ನುತ್ತದೆ. ಯಾವ ಮನೆಯಲ್ಲೂ
ಸಹಿಸಲಾರೆ ಇಂಥದನ್ನು:
ಎರಡು ಮನೆಗಳ ನಡುವಿನ ಸ್ವರ,
ಕೂದಲೆಳೆ ಕಡಿಮೆ.

ಉಳಿದ ಎಂಬತ್ತೈದರ ಬೆನ್ನಿನ ಅಂಕಿ
ಗಾರೆ ತಿಂದಿರಬೇಕು.
ಇದರ ಕೆಳಗೆ ಮಾತ್ರ ಒಂದಿಷ್ಟು ಗಾಳಿ,
ಕತ್ತಲು,
ನನ್ನ ಕೈಬರಹದ ನಲವತ್ತೊಂದು.