ಸುಣ್ಣದ ಗುರುತು

ಹುಬ್ಬಳ್ಳಿ ರೈಲ್ವೆ ವರ್ಕಶಾಪಿನ್ಯಾಗ ಮೂವತ್ತೊಂದು ವರ್ಷ
ಕಬ್ಬಿಣಕ್ಕ ಕಬ್ಬಿಣ ಕೂಡಿಸಿದಾಂವ ನಾನು.
ಕೂದಲೆಳಿ ಸಂದು ಬಿಟ್ರೂ ಬೋಗಿ ಒದರತೈತಿ, ಅದು ಗೊತ್ತಿತ್ತು.
ಗಿಡಕ್ಕೂ ಗಿಡಕ್ಕೂ ನಡುವ ಎಷ್ಟು ಸಂದು ಬಿಡಬೇಕು,
ಅದು ಗೊತ್ತಿರಲಿಲ್ಲ.

ಮುಗದದ ಕೆಂಪು ಮಣ್ಣಾಗ ಎರಡೆಕರೆ.
ಟೇಪು, ಗೂಟ, ಸುತಳಿ, ಚೌಕದ ಹಾಳಿ ಹಿಡಕೊಂಡು
ಬೀಬಿಜಾನಳ ನರ್ಸರಿಗೆ ಹೋಗಿ ಅಂದೆ:
ಹದಿನೈದು ಫೂಟಿಗೊಂದು ಆಪೂಸು,
ಎಕರೆಗೆ ನೂರಾ ತೊಂಬತ್ತು.

ಅಕಿ ಕಸಿಚೂರಿ ಸೆರಗಿಗೆ ಒರಸಿದ್ಲು.
"ಮ್ಯಾಲಿಂದು ಕೇಳಿದ್ರಿ. ಕೆಳಗಿಂದು ಕೇಳಲಿಲ್ಲ."

ಕೆಳಗಿಂದು ಅಂದ್ರ
ಲಗ್ನದ ಮನಿಯವರು ಸೀಕರಣಿ ಹಿಂಡಿ
ಹಿತ್ತಲಕ್ಕ ಒಗದ ವಾಟಿ.
ಯಾರ ಗಿಡದ್ದೋ, ಎಂಥಾ ಹುಳಿದೋ, ಎಷ್ಟು ನಾರಿಂದೋ.
ಚೀಲ ತುಂಬಿ ತಂದು, ಕಾರಹುಣ್ಣಿವಿ ಹೊತ್ತಿಗೆ ಊರಿ,
ತಾಮ್ರದ ಬಣ್ಣದ ಎಲಿ ಬಿಚ್ಚೂದ್ರಾಗ
ತಲಿ ಹಾರಿಸಿ, ಸೀಳಿ,
ಆಪೂಸಿನ ಕಡ್ಡಿ ಬೆಣಿ ಹಾಂಗ ಇಳಿಸಿ ಪಟ್ಟಿ ಸುತ್ತತಿದ್ಲು.

ವೆಲ್ಡಿಂಗ್ ಇದ್ದಾಂಗ, ಅಂದೆ.
"ಅಲ್ರೀ. ನಿಮ್ಮ ಜೋಡು ಆರಿದ ಕೂಡಲೆ ಮುಗೀತು.
ಇದು ಅವತ್ತಿಂದ ಸುರು."

ಮೂಲ್ಯಾಗ ನಲವತ್ತು ಸಸಿ ಬ್ಯಾರೆ ಇಟ್ಟಿದ್ಲು:
ಕಲಘಟಗಿ ಕಡೆ ಅಕಿ ತವರಿನ ಹಿತ್ತಲದ
ಗಿಡ್ಡ ಮಾವಿನ ವಾಟಿ. ಆಡು ನಿಂತು ತಿನ್ನೂವಷ್ಟ ಎತ್ತರ.
"ಇದರ ಮ್ಯಾಲೆ ಕೂತದ್ದು ಹರಡೂದಿಲ್ಲ. ಹರಡಿದ್ರ
ನನ್ನ ಬೈಬ್ಯಾಡ್ರಿ, ಎಲ್ಲಾ ಮಕ್ಕಳೂ ತಾಯಿ ಹಾಂಗ ಇರತಾವೇನು?"
ಆಮ್ಯಾಲೆ, ನನ್ನ ಹಾಳಿ ಕಡೆ ನೋಡಿ,
"ಗಿಡಕ್ಕ ಕೇಳಿದ್ರ ಒಂದು ಲೆಕ್ಕ,
ಎಕರೆಗೆ ಕೇಳಿದ್ರ ಇನ್ನೊಂದು. ನೀವು ಯಾರಿಗೆ ಕೇಳಾವ್ರು?"

ನಾನು ಎಕರೆಗೇ ಕೇಳಿದೆ.

"ಹಾಂಗಿದ್ರ ಒಂದು ಬಿಟ್ಟು ಒಂದಕ್ಕ ಇವತ್ತ ಸುಣ್ಣ ಹಚ್ಚರಿ.
ಟೊಂಗಿಗೆ ಟೊಂಗಿ ತಾಗಿದ ವರ್ಷ ಅವನ್ನ ಕಡೀಬೇಕು.
ನೆಡೂ ದಿನಾನ ಗುರುತು ಮಾಡಿದ್ರ
ಕಡಿಯೂ ದಿನ ಕೈ ನಡಗೂದಿಲ್ಲ."

ಡ್ಯೂಟಿ ರಜಿಸ್ಟರಿನ್ಯಾಗ ಬರಕೊಂಡೀನಿ:
ಆರನೇ ವರ್ಷ ತೊಂಬತ್ತು ಕ್ರೇಟು. ಒಂಬತ್ತನೇದು ನೂರಾ ನಲವತ್ತು.
ಹನ್ನೊಂದನೇದಕ್ಕ ಎಂಬತ್ತು.
ಒಳಗ ಹೊಕ್ರ ಮಟಮಟ ಮಧ್ಯಾಹ್ನ ಸಂಜಿ ಇದ್ದಾಂಗ,
ಹೂವು ಬರೇ ನೆತ್ತಿ ಮ್ಯಾಲೆ, ಜಿಗಿಹುಳದ ಅಂಟು ಅಂಗಿಗೆ.
ಸುಣ್ಣ ಎಂದೋ ಮಳಿಗೆ ತೊಳದು ಹೋಗಿತ್ತು.
ರಜಿಸ್ಟರಿನ್ಯಾಗ ಇತ್ತು.

ನಾಕನೇ ಸಾಲು, ಏಳನೇ ಗಿಡ.
ಆಪೂಸು ಒಂದು ವರ್ಷ ಕೊಟ್ಟು ಒಂದು ವರ್ಷ ಸಿಟ್ಟು ಮಾಡತೈತಿ;
ಇದು ಸಿಟ್ಟ ಮಾಡಿಲ್ಲ. ಇದ್ದ ಜಾಗಾದಾಗ ಇದ್ದು
ವರ್ಷಾ ಎರಡು ಕ್ರೇಟು. ಅದರ ಹೆಸರ ಮುಂದ: ಸುಣ್ಣ.

ಬೀಬಿಜಾನಳನ್ನ ಕರಕೊಂಡು ಬಂದೆ. ಚಾಳೀಸು ಬಂದಿತ್ತು ಅಕಿಗೆ.
ಕುಕ್ಕರಗಾಲಿಲೆ ಕೂತು, ಮಣ್ಣು ಸರಿಸಿ,
ಬುಡದ ಗಂಟಿನ ಸುತ್ತ ಹೆಬ್ಬಟ್ಟು ಆಡಿಸಿದ್ಲು.
ಕೆಳಗ ಸಣ್ಣ, ಮ್ಯಾಲೆ ದಪ್ಪ,
ಸಣ್ಣ ಬಾಟ್ಲಿಗೆ ದೊಡ್ಡ ಬಿರಡಿ ಜಡದಾಂಗ.
"ನಮ್ಮ ಅಮ್ಮಾನ ಹಿತ್ತಲದ್ದು," ಅಂದು
ಬಾಜೂಕಿನ ಎಂಟನೇದನ್ನ ತೋರಿಸಿದ್ಲು.

ಎಂಟನೇದಕ್ಕ ನಾನು ಸುಣ್ಣ ಹಚ್ಚಿರಲಿಲ್ಲ.
ಇರತೀ ಅಂತ ಹನ್ನೊಂದು ವರ್ಷ ನೀರು ಹಾಕೀನಿ.
ಗರಗಸ ಎರಡು ಸರ್ತಿ ಜಾರಿತು.

ಈಗ ಅಲ್ಲಿ ಬಿಸಲು ಬಿದ್ದೈತಿ,
ಏಳನೇದರ ಕೆಳಗಿನ ಟೊಂಗಿ ಚಿಗತೈತಿ.
ಮತ್ತ ಮೊನ್ನೆ ನೋಡಿದ್ರ
ಕಡದ ಬೊಡ್ಡಿಯಿಂದ, ಗಂಟಿನ ಕೆಳಗಿಂದ,
ತಾಮ್ರದ ಬಣ್ಣದ ಎರಡು ಎಲಿ.
ಯಾರ ಲಗ್ನದ ವಾಟಿಯೋ,
ಇಷ್ಟು ದಿನ ಸುಮ್ಮನ ಕೆಳಗ ಇದ್ದದ್ದು.

ಅದಕ್ಕ ಎಷ್ಟು ಫೂಟು ಬಿಡಬೇಕಂತ
ನಾ ಇನ್ನೂ ಯಾರನ್ನೂ ಕೇಳಿಲ್ಲ.