ಸಾಲು

ಮೊದಲ ಅಧ್ಯಾಯ ಒಂಬತ್ತು ಸಲ ಸತ್ತು ಹುಟ್ಟಿತು.
ನೈರೋಬಿಯ ಅಂಚಿನ ಕಹಾವಾದಲ್ಲಿ, ಬಾಡಿಗೆ ಕೋಣೆಯಲ್ಲಿ,
ಕರೆಂಟು ಹೋದ ರಾತ್ರಿ
ಲ್ಯಾಪ್‌ಟಾಪಿನಲ್ಲಿ ಉಳಿದ ಹನ್ನೊಂದು ಶೇಕಡದೊಳಗೆ
ನಾನು ಬರೆದದ್ದು ಇಷ್ಟೇ:
‘ಪ್ರಜಾಪ್ರಭುತ್ವ ಎಂದರೆ’
ಆಮೇಲೆ ಎದ್ದು ಚಹಾ ಕಾಸಿದೆ.

ಡಾಕ್ಟರ್ ಮುಂಬುವಾ ಕೆಂಪು ಪೆನ್ನಿನವರು.
ಅಂಚಿನಲ್ಲಿ ಬರೆಯುವರು: ಹೀಗೆಂದು ಹೇಳಿದವರು ಯಾರು?
ಮುಂದಿನ ಪುಟದಲ್ಲಿ: ಹೇಳಿದವರು ಯಾರು?
ಮೂರನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ
ಶಾಯಿಯೂ ಸಹನೆಯೂ ತೀರಿ, ಬರೀ: ಯಾರು?

ಯಾರೆಂದರೆ, ಮೇಡಂ, ಬೋಸಿಬೋರಿ.
ಕಿಸೀ ಗುಡ್ಡದ ಸಂತೆಯಲ್ಲಿ ಬಾಳೆಹಣ್ಣು ಮಾರುವವಳು.
ಎಂಬತ್ತೆಂಟರಲ್ಲಿ ಚೀಟಿಯಿಲ್ಲ, ಪೆಟ್ಟಿಗೆಯಿಲ್ಲ;
ಉಮೇದುವಾರನ ಪಟ ಹಿಡಿದವನ ಬೆನ್ನಿಗೆ
ಹೋಗಿ ನಿಲ್ಲಬೇಕು, ಅದೇ ಮತ.
‘ನಮ್ಮ ಸಾಲು ಸಂತೆಮರದಲ್ಲಿ ಶುರುವಾಗಿ
ದನ ಮೀಯಿಸುವ ತೊಟ್ಟಿಯವರೆಗೆ ಇತ್ತು, ಮಗಳೇ.
ತಲೆಗೆ ನಿಂತವರಿಗೆ ಬಾಲ ಕಾಣದು.
ಆಚೆಯ ಸಾಲು? ಕೈಬೆರಳು ಸಾಕು ಎಣಿಸಲಿಕ್ಕೆ,
ಬೇಕಾದರೆ ಕಾಲಿನದೂ ಸೇರಿಸಿಕೋ.
ಗೆದ್ದದ್ದು ಅದು.’
ಹೇಳಿ, ಹಣ್ಣಿನ ಮೇಲೆ ನೀರು ಚಿಮುಕಿಸಿದಳು.
ನಕ್ಕಳೋ ಕೆಮ್ಮಿದಳೋ, ರೆಕಾರ್ಡರಿಗೆ ತಿಳಿಯಲಿಲ್ಲ.

ಮೂವತ್ತೇಳು ಜನರನ್ನು ಕೇಳಿದೆ.
ಅಂದು ತಲೆ ಎಣಿಸಿದ ಗುಮಾಸ್ತ ಒಗೆಟೊ
ನನ್ನನ್ನು ಹೊಸ್ತಿಲ ಹೊರಗೇ ನಿಲ್ಲಿಸಿ ಹೇಳಿದ:
‘ಎಣಿಸಿದ್ದು ಸರಿಯಾಗಿಯೇ. ಬರೆಯುವಾಗ
ಕೈ ನನ್ನದು. ಅಂಕಿ ನನ್ನದಲ್ಲ.’
ನಾಯಿ ಬೊಗಳಿತು. ಒಟ್ಟು ನಾಲ್ಕು ನಿಮಿಷ, ಹನ್ನೆರಡು ಸೆಕೆಂಡು.

ಅವತ್ತು ಸಂಜೆ ನಾನೇ ನಡೆದೆ.
ಮರ ಈಗಿಲ್ಲ; ಅಲ್ಲೊಂದು ಹಸಿರು ಡಬ್ಬದಂಗಡಿ,
ಮೊಬೈಲಿಗೆ ದುಡ್ಡು ತುಂಬಿಸುತ್ತಾರೆ.
ತೊಟ್ಟಿ ಇದೆ, ಒಳಗೆ ಹುಲ್ಲು.
ನಡುವೆ ನಾನೂರ ಹದಿನಾರು ಹೆಜ್ಜೆ.
ತಿರುಗಿ ನೋಡಿದರೆ ಶಾಲೆ ಬಿಟ್ಟ ಮಕ್ಕಳು
ಗಟ್ಟಿಯಾಗಿ ಎಣಿಸುತ್ತ ಹಿಂದೆ ಹಿಂದೆ ಬಂದು
ಸಾಲಾಗಿ ನಿಂತಿದ್ದರು.

ವೈವಾ ಗುರುವಾರ, ಹತ್ತಕ್ಕೆ.
ಪ್ರೊಜೆಕ್ಟರಿಗೆ ನನ್ನ ಮೇಲೆ ನಂಬಿಕೆ ಬರಲು ಇಪ್ಪತ್ತು ನಿಮಿಷ.
ಅಕ್ಕನ ಕೋಟು; ತೋಳು ಉದ್ದ,
ಬೆರಳ ತುದಿಗಳಿಂದ ವಾದಿಸಿದೆ.
ಹೊರಗಿನ ಪರೀಕ್ಷಕ ಲೆಕಾಕೆನಿ ಕನ್ನಡಕ ಒರೆಸುತ್ತ:
‘ಮಿಸ್ ಕೆರುಬೊ, ಸಾಲು ಉದ್ದವಿತ್ತು ಎಂಬುದಕ್ಕೆ ದಾಖಲೆ?’
ಹೆಜ್ಜೆ, ಸರ್.
‘ಯಾರ ಹೆಜ್ಜೆ?’
ನನ್ನವು.
‘ಆಗ ನಿಮಗೆಷ್ಟು ವಯಸ್ಸು?’
ಹುಟ್ಟಿರಲಿಲ್ಲ.
ಕೊನೆಯ ಬೆಂಚು ನಕ್ಕಿತು.
‘ಮುದುಕರ ನೆನಪು, ನಿಮ್ಮ ನಡಿಗೆ. ಇಷ್ಟು ಸಾಲದು.’

ಸಾಲದು.
ಬಾಯಿ ಒಣಗಿ ನಾಲಗೆ ಅಂಗುಳಕ್ಕೆ ಅಂಟಿತ್ತು.
ಅದು ಬಿಡಿಸಿಕೊಂಡು ಹೇಗೆ ಎದ್ದಿತೋ:
ಸರ್, ಕಡತದಲ್ಲಿ ಗೆದ್ದ ಸಾಲಿಗೆ ಏಳು ಸಾವಿರ ಜನ.
ಆ ಊರಿನಲ್ಲಿ ಅಷ್ಟು ಜನ ಇವತ್ತಿಗೂ ಹುಟ್ಟಿಲ್ಲ.
ನಾನು ಹುಟ್ಟದೆ ಇದ್ದದ್ದು ತಪ್ಪಾದರೆ
ಅವರದ್ದೂ ತಪ್ಪೇ; ಅವರು ಮತ ಬೇರೆ ಹಾಕಿದ್ದಾರೆ.

ಒರೆಸುವ ಬಟ್ಟೆ ನಿಂತಿತು.
ಡಾಕ್ಟರ್ ಮುಂಬುವಾ ಕಿಟಕಿಯಾಚೆ
ಕಸದ ತೊಟ್ಟಿಯ ಮೇಲೆ ಕೂತ ಬೋಳುತಲೆಯ ಕೊಕ್ಕರೆಯನ್ನು
ಬಹಳ ಆಸಕ್ತಿಯಿಂದ ನೋಡುತ್ತಿದ್ದರು.
ಅವರ ಭುಜ ಮಾತ್ರ ಸಣ್ಣಗೆ ಕುಲುಕುತ್ತಿತ್ತು.

ಪಾಸು. ತಿದ್ದುಪಡಿ ಹದಿನಾಲ್ಕು.
ಹನ್ನೊಂದನೆಯದು: ಹೆಜ್ಜೆಗಳನ್ನು
ಮುಖ್ಯಪಠ್ಯದಿಂದ ತೆಗೆದು ಅನುಬಂಧಕ್ಕೆ ಸರಿಸತಕ್ಕದ್ದು.
ಸರಿಸಿದೆ. ಅಲ್ಲೂ ನಡೆಯುತ್ತವೆ, ಸಣ್ಣ ಅಕ್ಷರದಲ್ಲಿ.

ರಟ್ಟು ಕಟ್ಟಿಸಿದ ಪ್ರತಿ, ನೀಲಿ ಬಣ್ಣದ್ದು,
ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದೆ.
ಬೋಸಿಬೋರಿ ಅದನ್ನು ಕೈಯಲ್ಲಿ ತೂಗಿ ನೋಡಿದಳು.
‘ಇದರಲ್ಲಿ ನಾನು ಎಷ್ಟು ಪುಟ?’
ಒಂದೂವರೆ.
‘ಅಷ್ಟುದ್ದ ನಿಂತದ್ದಕ್ಕೆ ಒಂದೂವರೆ?’

ಉತ್ತರ ನನ್ನಲ್ಲಿರಲಿಲ್ಲ, ಅಡಿಟಿಪ್ಪಣಿಯಲ್ಲೂ.
ಅವಳು ಕಾಗದದಲ್ಲಿ ಬಾಳೆಹಣ್ಣು ಕಟ್ಟಿ ಕೊಟ್ಟಳು.
‘ಡಜನ್ನು. ಎಣಿಸಿಕೋ.’
ಎಣಿಸಿದೆ.
ಹದಿಮೂರಿತ್ತು.